ಸೂರ್ಯನ ಕಡೆಗೆ ಬಿದ್ದ ನೆರಳು

“ನೆರಳು ಯಾವ ಕಡೆಗೆ ಬಿದ್ದಿದೆ, ನೀವೇ ನೋಡಿ ಹೇಳಿ,” ಎಂದೆ.

ರಾಮದಾಸ ಉಪಾಧ್ಯಾಯರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದರು. ನನಗೆ ಮೈಯೆಲ್ಲ ಉರಿಯಿತು. ರಥಬೀದಿಯ ಅವರ ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ಮಲ್ಲಿಗೆ ಮಾಲೆ ಹಾಕಿಸಿಕೊಂಡು ಮೆರೆಯುತ್ತಿದ್ದ ಫೋಟೋವನ್ನು ಮಾಲೆಯ ಸಮೇತ ಎತ್ತಿ ತಂದು ಅವರ ಮೇಜಿನ ಮೇಲೆ ಇಟ್ಟವಳು ನಾನೇ. ಕೇಳಿ ತೆಗೆಯುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ.

ಉಳಿಯುವುದಾದರೂ ಹೇಗೆ? ಗ್ರಹಣದ ಮಧ್ಯಾಹ್ನ ಕಾಪುವಿನ ದೀಪಸ್ತಂಭದ ಬಂಡೆಯಿಂದ ಬಿದ್ದ, ರಾಮದಾಸರ ತಾರಾವೀಕ್ಷಕರ ಬಳಗದ ಜೋಕಿಮ್ ಡೇಸಾ ಮಣಿಪಾಲದ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ತೆರೆದಿಲ್ಲ. ಅವರನ್ನು ತಳ್ಳಿದನೆಂದು ಪೊಲೀಸರು ಹಿಡಿದಿಟ್ಟಿರುವ ಗುಣಪಾಲ, ಮನೆಯಲ್ಲೇ ಇದ್ದೆ ಎನ್ನುವುದು ಬಿಟ್ಟರೆ ತನ್ನ ವಕೀಲೆಯಾದ ನನ್ನ ಹತ್ತಿರವೂ ಬಾಯಿ ಬಿಡುತ್ತಿಲ್ಲ. ಸೋಮವಾರ ಅವನನ್ನು ಕೋರ್ಟಿಗೆ ತರುತ್ತಾರೆ. ಅಷ್ಟರೊಳಗೆ ಜೋಕಿಮ್ ಹೋಗಿಬಿಟ್ಟರೆ ಅದು ಕೊಲೆ ಕೇಸು.

ಸಬ್ ಇನ್ಸ್‌ಪೆಕ್ಟರ್ ಚೆನ್ನಪ್ಪನವರು ಫೋಟೋ ತೆಗೆಸಿಕೊಳ್ಳುವವರ ಸ್ಟೂಲಿನ ಮೇಲೆ ಟೋಪಿ ತೊಡೆಯಲ್ಲಿಟ್ಟುಕೊಂಡು ಕೂತಿದ್ದರು. ಅವರ ಹಿಂದಿನ ಪರದೆಯಲ್ಲಿ ಬಣ್ಣದ ಸರೋವರ, ಎರಡು ಹಂಸ. ಅವರನ್ನು ಬಲವಂತದಿಂದ ಕರೆದುಕೊಂಡು ಬಂದವಳೂ ನಾನೇ. “ಬಾಯಿಮಾತು ಬೇಡ ಮೇಡಂ, ಸಾಕ್ಷಿ ತೋರಿಸಿ,” ಎಂದು ನಿನ್ನೆ ಠಾಣೆಯಲ್ಲಿ ಅವರು ಹೇಳಿದ್ದು ನನ್ನನ್ನು ಚುಚ್ಚಿತ್ತು.

ಹೊರಗೆ ಜಗಲಿಯ ಬೆಂಚಿನಲ್ಲಿ ಗುಣಪಾಲನ ಹೆಂಡತಿ ವಾರಿಜಾ ಕೂತಿದ್ದಳು. ತುಂಬಿದ ಬಸುರಿ. ಬರಬೇಡ ಎಂದು ಎಷ್ಟು ಹೇಳಿದರೂ ಕೇಳದೆ ಕಾಪುವಿನಿಂದ ಬಸ್ಸು ಹತ್ತಿ ಬಂದಿದ್ದಳು.

“ಎಂತ ನೆರಳು?” ಎಂದರು ರಾಮದಾಸರು.

“ಗೊಮ್ಮಟನ ನೆರಳು. ಬಂಡೆಯ ಮೇಲೆ ಉದ್ದಕ್ಕೆ ಬಿದ್ದಿದೆಯಲ್ಲ, ಅದು.”

ಫೋಟೋ ಚೆನ್ನಾಗಿತ್ತು, ಒಪ್ಪಲೇಬೇಕು. ಕಾರ್ಕಳದ ಗೊಮ್ಮಟ ಚೌಕಟ್ಟಿನ ತುಂಬ ಎದ್ದು ನಿಂತಿದ್ದಾನೆ. ಅವನ ಹೆಗಲ ಹಿಂದೆ, ಕಪ್ಪು ಆಕಾಶದಲ್ಲಿ, ಓರೆಯಾಗಿ ಇಳಿಯುವ ಸೂರ್ಯರ ಸರಮಾಲೆ. ಮೊದಲು ತುಂಬಿದ ಸೂರ್ಯ, ಆಮೇಲೆ ಕಚ್ಚಿ ಬಿಟ್ಟ ದೋಸೆಯಂಥವನು, ನಡುವೆ ಗೆರೆಯಷ್ಟೇ ಉಳಿದವನು, ಕೊನೆಗೆ ಮತ್ತೆ ತುಂಬಿದವನು. ಕ್ಯಾಮೆರಾವನ್ನು ಅಲ್ಲಾಡದಂತೆ ನಿಲ್ಲಿಸಿ, ಗ್ರಹಣ ಹಿಡಿಯುವಾಗಿನಿಂದ ಬಿಡುವವರೆಗೆ ಆಗಾಗ ಒಂದೇ ಫಿಲ್ಮಿನ ಮೇಲೆ ಸೂರ್ಯನನ್ನು ಹಿಡಿದರೆ ಹೀಗೆ ಬರುತ್ತದೆ. ಫೋಟೋ ಪೇಪರಿನಲ್ಲಿ ಅಚ್ಚಾಗಿ ಉಡುಪಿಗೆ ಉಡುಪಿಯೇ ಹೊಗಳಿತ್ತು. ಆ ಮಧ್ಯಾಹ್ನವಿಡೀ ತಾನು ಕಾರ್ಕಳದ ಬೆಟ್ಟದ ಮೇಲಿದ್ದೆನೆಂಬ ರಾಮದಾಸರ ಹೇಳಿಕೆಗೆ ಇದೇ ಆಧಾರ. ಬೇರೆ ಸಾಕ್ಷಿ ಎಲ್ಲಿಂದ ಬರಬೇಕು? ಆ ಹೊತ್ತಿಗೆ ಜಿಲ್ಲೆಯೆಲ್ಲ ಬಾಗಿಲು ಹಾಕಿಕೊಂಡು, ಉಪ್ಪಿನಕಾಯಿ ಭರಣಿಗೆ ದರ್ಭೆ ಹಾಕಿ, ಒಳಗೆ ಕೂತಿತ್ತು. ನನ್ನ ಅಮ್ಮ ನನ್ನ ಕೇಸಿನ ಕಾಗದಗಳ ಮೇಲೂ ಒಂದು ದರ್ಭೆ ಇಟ್ಟಿದ್ದರು.

ರಾಮದಾಸರು ಬೆರಳಿಟ್ಟರು. “ನೆರಳು ಈ ಕಡೆಗೆ ಬಿದ್ದಿದೆ.”

“ಆ ಕಡೆ ಆಕಾಶದಲ್ಲಿ ಎಂತ ಉಂಟು?”

ಅವರು ಬೆರಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿದರು.

“ಸೂರ್ಯ ಉಂಟು,” ಎಂದೆ. “ಒಬ್ಬನಲ್ಲ, ಒಂದು ಸಾಲು. ಸೂರ್ಯ ಬೆನ್ನ ಹಿಂದೆ ಇದ್ದರೆ ನೆರಳು ಮುಂದೆ ಬರಬೇಕು ಅಲ್ವಾ? ಇಲ್ಲಿ ನೆರಳು ಸೂರ್ಯನ ಕಡೆಗೇ ಹೋಗಿದೆ. ಗೊಮ್ಮಟನ ತೋಳಿನ ಬಳ್ಳಿಯಲ್ಲಿ ಎಲೆ ಎಲೆಯೂ ಬೆಳಗಿದೆ.”

ಚೆನ್ನಪ್ಪನವರು ಸ್ಟೂಲು ಬಿಟ್ಟೆದ್ದು ಬಂದು ಬಗ್ಗಿ ನೋಡಿದರು. ಅವರ ಹುಬ್ಬು ಮೇಲೆ ಹೋಯಿತು.

ನಾನು ಅಂದುಕೊಂಡಂತೆ ರಾಮದಾಸರು ಬೆವರಲಿಲ್ಲ. ಬದಲಿಗೆ ನಕ್ಕರು. ಶಾಲೆ ಶಾಲೆಗೆ ಹೋಗಿ ಮಕ್ಕಳಿಗೆ ಗ್ರಹಣದ ವಿಷಯ ಹೇಳಿದ ಮನುಷ್ಯ. ಉಡುಪಿಯ ತಾರಾವೀಕ್ಷಕರ ಬಳಗದ ಅಧ್ಯಕ್ಷರು. ಪಾಠ ಹೇಳಲು ಸಿಕ್ಕಿದರೆ ಅವರಿಗೆ ಉಳಿದದ್ದೆಲ್ಲ ಮರೆತುಹೋಗುತ್ತದೆ.

“ಅದು ಎಲ್ಲರೂ ಮಾಡುವ ಕ್ರಮ ಮಾರಾಯ್ತಿ! ಸೂರ್ಯನನ್ನು ಹಿಡಿಯುವಾಗ ಲೆನ್ಸಿಗೆ ಕಪ್ಪು ಗಾಜು ಹಾಕಬೇಕು. ಹಾಕಿದರೆ ಸೂರ್ಯನನ್ನು ಬಿಟ್ಟು ಬೇರೆ ಎಂತದೂ ಬರುವುದಿಲ್ಲ. ಗೊಮ್ಮಟ ಬೇಕಾದರೆ ಆ ಗಾಜು ತೆಗೆದು, ಆಕಾಶ ಕಪ್ಪಾಗಿ ಬರುವ ಹಾಗೆ ಕೆಂಪು ಗಾಜು ಹಾಕಿ, ಅದೇ ಫಿಲ್ಮಿನ ಮೇಲೆ ಬೇರೆಯಾಗಿ ಒಮ್ಮೆ ಹಿಡಿಯಬೇಕು. ಮಧ್ಯಾಹ್ನದ ಮೇಲೆ ಅವನ ಈ ಮೈ ಕಪ್ಪಾಗ್ತದೆ. ಹಾಗಾಗಿ ಬೆಳಿಗ್ಗೆಯೇ ಹಿಡಿದದ್ದು. ಇದರಲ್ಲಿ ಮೋಸ ಎಂತ ಬಂತು?”

“ಮೋಸ ಅಂತ ನಾನು ಹೇಳಲೇ ಇಲ್ಲ. ಬೆಳಿಗ್ಗೆ ಅಂತ ನಿಮ್ಮ ಬಾಯಿಂದಲೇ ಬಂತಲ್ಲ, ಅಷ್ಟು ಸಾಕು.”

ನಗು ನಿಂತಿತು.

“ಈ ಫೋಟೋ ಹೇಳುವುದು ಇಷ್ಟೇ ಇನ್ಸ್‌ಪೆಕ್ಟರೇ,” ಎಂದು ಚೆನ್ನಪ್ಪನವರ ಕಡೆ ತಿರುಗಿದೆ. “ಬೆಳಿಗ್ಗೆ ಇವರ ಕ್ಯಾಮೆರಾ ಕಾರ್ಕಳದಲ್ಲಿತ್ತು. ಗ್ರಹಣದ ಹೊತ್ತಿಗೆ ಅದು ಎಲ್ಲಿಯೂ ಇರಬಹುದು. ಸೂರ್ಯ ಕಾರ್ಕಳದಿಂದಲೂ ಒಂದೇ, ಕಾಪುವಿನಿಂದಲೂ ಒಂದೇ.”

“ಕಾಪು ಎಂತಕ್ಕೆ ಬಂತು ಈಗ?” ರಾಮದಾಸರ ದನಿ ಏರಿತು.

“ಬಂಡೆಯ ಮೇಲೆ ಪೊಲೀಸರಿಗೆ ಸಿಕ್ಕಿದ್ದು ಮೂರು ಕಾಲಿನ ಸ್ಟ್ಯಾಂಡ್ ಮಾತ್ರ, ಕ್ಯಾಮೆರಾ ಇರಲಿಲ್ಲ. ಗುಣಪಾಲ ಕ್ಯಾಮೆರಾ ಕಸಿದುಕೊಂಡು ಜೋಕಿಮರನ್ನು ತಳ್ಳಿದ ಅಂತ ಕೇಸು. ಹಿಂದಿನ ದಿನ ಮೀನು ಮಾರ್ಕೆಟಿನಲ್ಲಿ ಅವನು ಜೋಕಿಮರ ಮೇಲೆ ಕೂಗಾಡಿದ್ದನ್ನು ಹತ್ತು ಜನ ಕೇಳಿದ್ದಾರೆ, ಅದು ಹೌದು. ಆದರೆ ನಿನ್ನೆ ನಾನು ಜೋಕಿಮರ ಮನೆಗೆ ಹೋಗಿದ್ದೆ. ಅವರ ತಂಗಿ ರೋಸಲಿನ್ ಕಪಾಟು ತೆರೆದು ತೋರಿಸಿದರು. ಜೋಕಿಮರ ಕ್ಯಾಮೆರಾ ಅಲ್ಲೇ ಉಂಟು. ಕಡಲಿನ ಉಪ್ಪುಗಾಳಿಗೆ ಶಟರ್ ಕೈಕೊಟ್ಟು ತಿಂಗಳಾಯಿತಂತೆ.”

ಚೆನ್ನಪ್ಪನವರು ಟೋಪಿಯನ್ನು ಮೇಜಿನ ಮೇಲಿಟ್ಟರು. “ಇದನ್ನು ನನಗೆ ಯಾರೂ ಹೇಳಲಿಲ್ಲ.”

“ನೀವು ಯಾರನ್ನೂ ಕೇಳಲಿಲ್ಲ. ಹಾಗಾದರೆ ಸ್ಟ್ಯಾಂಡಿನ ಮೇಲೆ ಇದ್ದದ್ದು ಯಾರ ಕ್ಯಾಮೆರಾ? ಈ ಬಳಗದಲ್ಲಿ ಫಿಲ್ಮ್ ಮುಂದೆ ಓಡಿಸದೆ ಮತ್ತೆ ಮತ್ತೆ ಒತ್ತಬಹುದಾದ ಕ್ಯಾಮೆರಾ ಇನ್ನೊಂದೇ ಇರುವುದು. ಅದು ಆ ಕಪಾಟಿನಲ್ಲಿ ಕಾಣ್ತಾ ಉಂಟು.”

ರಾಮದಾಸರು ಕಪಾಟಿನ ಕಡೆ ನೋಡಲಿಲ್ಲ. ನೋಡದೆ ಇದ್ದುದೇ ನನಗೆ ಸಾಕಾಯಿತು. ನನ್ನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಫೋಟೋ ತೊಳೆಯುವ ಹೈಪೋದ ಹುಳಿ ವಾಸನೆ, ಹೊರಗಿನ ಬಿಸಿಲು, ಜಗಲಿಯಲ್ಲಿ ಕೂತ ವಾರಿಜಾಳ ಕೆಮ್ಮು, ಎಲ್ಲವೂ ನನ್ನನ್ನು ಬೇಗ ಬೇಗ ಎಂದು ತಳ್ಳುತ್ತಿದ್ದವು.

“ಧೂಮಕೇತು ನೆನಪುಂಟಾ ರಾಮದಾಸರೇ?” ಎಂದೆ.

ಅವರ ಮುಖ ಕಪ್ಪಿಟ್ಟಿತು. ನಾಲ್ಕು ವರ್ಷದ ಹಿಂದೆ ಬೆಳಗಿನ ಜಾವ ಬಾಲ ಬಿಚ್ಚಿಕೊಂಡು ಮೂಡಿದ ಧೂಮಕೇತುವನ್ನು ಕಾಪುವಿನಲ್ಲಿ ಹಿಡಿದವರು ಜೋಕಿಮ್. ಆ ಫೋಟೋ ಇದೇ ಗಾಜಿನ ಕಪಾಟಿನಲ್ಲಿ, ಕೆಳಗೆ ರಾಮದಾಸರ ಸ್ಟುಡಿಯೋದ ಮುದ್ರೆ ಹೊತ್ತು, ವರ್ಷವಿಡೀ ನಿಂತಿತ್ತು. ಜೋಕಿಮ್ ಒಂದು ಮಾತೂ ಆಡಲಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು. ಬೈಯದೆ ಬಿಟ್ಟದ್ದೇ ಈ ಮನುಷ್ಯನನ್ನು ಒಳಗೊಳಗೇ ತಿಂದಿರಬೇಕು ಎಂದು ನಾನು ಲೆಕ್ಕ ಹಾಕಿದ್ದೆ.

“ಈ ಸಲವೂ ಅವರು ಹಿಡಿದ ಚಿತ್ರ ನಿಮಗೆ ಬೇಕಾಯಿತು. ಗ್ರಹಣದ ಹೊತ್ತಿಗೆ ನೀವು ಕಾಪುವಿನ ಬಂಡೆಯ ಮೇಲೆ...”

“ಎಂತದ್ದು? ನನ್ನ ಮಗನಾ? ಕಾಪುವಿನಲ್ಲಾ?”

ಒಳಬಾಗಿಲಿನಲ್ಲಿ ರಾಮದಾಸರ ತಾಯಿ ಶ್ರೀಮತಿಯಮ್ಮ ನಿಂತಿದ್ದರು. ಸ್ಟುಡಿಯೋದ ಹಿಂಭಾಗವೇ ಅವರ ಮನೆ. ಕೈಯಲ್ಲಿ ಅಕ್ಕಿ ಆರಿಸುತ್ತಿದ್ದ ಗೆರಸೆ ಹಾಗೆಯೇ ಇತ್ತು.

“ಅಮ್ಮ, ನೀವು ಒಳಗೆ ಹೋಗಿ,” ಎಂದರು ರಾಮದಾಸರು.

“ಎಂತಕ್ಕೆ ಹೋಗಬೇಕು? ನರ್ಮದಾ, ನಿನಗೆ ತಲೆ ಸರಿ ಉಂಟಾ? ಇವನದ್ದು ಧನಿಷ್ಠಾ ನಕ್ಷತ್ರ, ಕುಂಭ ರಾಶಿ. ಗ್ರಹಣ ಹಿಡಿದದ್ದೇ ಇವನ ನಕ್ಷತ್ರದಲ್ಲಿ. ಹೊರಗೆ ಬಿಡ್ತೇನಾ ನಾನು? ಬೆಳಿಗ್ಗೆ ಹಠ ಮಾಡಿ ಕಾರ್ಕಳಕ್ಕೆ ಹೋದವನು ಗ್ರಹಣ ಸ್ಪರ್ಶ ಆಗುವ ಮೊದಲೇ ಬಂದ. ದೇವರ ಕೋಣೆಯಲ್ಲಿ ಕೂತ. ಪುರೋಹಿತರು ಶಾಂತಿ ಮಾಡಿಸಿದರು. ಗ್ರಹಣ ಬಿಟ್ಟ ಮೇಲೆ ತಲೆಗೆ ಸ್ನಾನ ಮಾಡಿಯೇ ಹೊಸ್ತಿಲು ದಾಟಿದ್ದು. ಬೇಕಾದರೆ ಪುರೋಹಿತರನ್ನೇ ಕರೆಸು, ಹೇಳ್ತಾರೆ.”

ಚೆನ್ನಪ್ಪನವರು ರಾಮದಾಸರ ಕಡೆ ತಿರುಗಿದರು.

ಶ್ರೀಮತಿಯಮ್ಮ ಮಗನನ್ನು ಉಳಿಸಿದೆನೆಂಬ ಸಮಾಧಾನದಲ್ಲಿದ್ದರು. ಮಗ ಮಾತ್ರ ಮುಖ ಎತ್ತಲಾರದೆ ಮೇಜು ನೋಡುತ್ತಿದ್ದರು. ಗ್ರಹಣ ಬರೀ ನೆರಳಿನ ಆಟ, ಹೆದರಬೇಡಿ ಮಕ್ಕಳೇ, ಹೊರಗೆ ಬನ್ನಿ ಎಂದು ಊರೂರು ಸುತ್ತಿ ಹೇಳಿದ ಅಧ್ಯಕ್ಷರು ಗ್ರಹಣದ ಹೊತ್ತಿಗೆ ದೇವರ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅವರ ಕಿವಿಯವರೆಗೂ ಕೆಂಪೇರಿದ್ದನ್ನು ನೋಡಿ ಪಾಪ ಎನಿಸಿತು.

“ಹೆದರಿಕೆ ಆಯ್ತು,” ಎಂದರು ರಾಮದಾಸರು ಮೆಲ್ಲಗೆ. “ಪುಸ್ತಕ ಓದುವಾಗ ಇಲ್ಲ, ಭಾಷಣ ಮಾಡುವಾಗ ಇಲ್ಲ. ಆ ದಿನ ಗೊಮ್ಮಟನ ಎದುರು ನಿಂತಾಗ ಆಯ್ತು. ಬಸ್ಸು ಹತ್ತಿ ಓಡಿ ಬಂದೆ. ಜೋಕಿಮ್ ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ಕಾಪುವಿನ ಬಸ್ಸಿಗೆ ನಿಂತಿದ್ದ. ಅವನ ಕ್ಯಾಮೆರಾ ಹಾಳು. ಸುಮ್ಮನೆ ನೋಡಿಯಾದರೂ ನೋಡ್ತೇನೆ ಅಂತ ಹೊರಟಿದ್ದ. ನಾನು ನನ್ನ ಕ್ಯಾಮೆರಾ ಅವನ ಕೈಗೆ ಕೊಟ್ಟೆ. ಗೊಮ್ಮಟ ಒಳಗೆ ಇದ್ದಾನೆ, ಸೂರ್ಯನನ್ನು ನೀನು ಹಾಕು ಅಂತ ಹೇಳಿದೆ.”

“ಅವರು ಎಂತ ಅಂದರು?”

“ತುಂಬ ನಕ್ಕ. ಯಾರಿಗೂ ಹೇಳುವುದಿಲ್ಲ ಅಂದ.”

ನನ್ನ ಲೆಕ್ಕ ತಪ್ಪಿತ್ತು. ಆದರೆ ಪೂರ್ತಿ ತಪ್ಪಿರಲಿಲ್ಲ. ಬಂಡೆಯ ಮೇಲಿದ್ದ ಕ್ಯಾಮೆರಾ ಈಗ ಈ ಕಪಾಟಿನಲ್ಲಿದೆ. ಜೋಕಿಮ್ ಬಿದ್ದವರು ಬಿದ್ದಲ್ಲೇ ಇದ್ದರು. ಕ್ಯಾಮೆರಾ ತಾನಾಗಿ ಉಡುಪಿಗೆ ನಡೆದು ಬರುವುದಿಲ್ಲ. ತಂದವನು ಸಿಕ್ಕಿದರೆ ತಳ್ಳಿದವನು ಸಿಕ್ಕಿದ ಹಾಗೆ. ನಾನು ಮೇಜಿನ ಮೇಲೆ ಎರಡೂ ಕೈ ಊರಿದೆ.

“ಕ್ಯಾಮೆರಾ ನಿಮಗೆ ವಾಪಸು ಹೇಗೆ ಬಂತು?”

ರಾಮದಾಸರು ಬಾಗಿಲಿನ ಆಚೆ, ಜಗಲಿಯ ಕಡೆ ನೋಡಿದರು. “ಬೇಡ ನರ್ಮದಾ. ಅದೊಂದು ಕೇಳಬೇಡ.”

“ಎಂತಕ್ಕೆ ಬೇಡ? ಕೇಳುವುದಕ್ಕೇ ಬಂದದ್ದು ನಾನು. ಇನ್ಸ್‌ಪೆಕ್ಟರೇ, ಸರಿಯಾಗಿ ಕೇಳಿಸಿಕೊಳ್ಳಿ. ಯಾರು ತಂದುಕೊಟ್ಟರು?”

“ನಿನ್ನ ಒಳ್ಳೆಯದಕ್ಕೇ ಹೇಳ್ತಿದ್ದೇನೆ.”

“ನನ್ನ ಒಳ್ಳೆಯದು ನಾನು ನೋಡಿಕೊಳ್ತೇನೆ. ಯಾರು?”

“ಗುಣಪಾಲ,” ಎಂದರು ರಾಮದಾಸರು.

ಚೆನ್ನಪ್ಪನವರು ಟೋಪಿ ಎತ್ತಿಕೊಂಡರು.

“ಸಂಜೆ ಸೈಕಲ್ಲಿನಲ್ಲಿ ಬಂದ. ಕ್ಯಾಮೆರಾ ಮೇಜಿನ ಮೇಲೆ ಇಟ್ಟ. ಚೀಲದ ಮೇಲೆ ನಿಮ್ಮ ಸ್ಟುಡಿಯೋದ ಹೆಸರುಂಟು ಅಂತ ಹೇಳಿ ಹೋದ. ಮರುದಿನ ಸುದ್ದಿ ಗೊತ್ತಾದಾಗಲೇ ನಾನು ಠಾಣೆಗೆ ಹೋಗಬಹುದಿತ್ತು. ಹೋದರೆ ನಾನು ಎಲ್ಲಿ ಕೂತಿದ್ದೆ ಅಂತಲೂ ಹೇಳಬೇಕು. ಮತ್ತೆ ಅವನ ಕುತ್ತಿಗೆಗೂ ಬರ್ತದೆ. ಎರಡಕ್ಕೂ ಸೇರಿ ಕಾರ್ಕಳದಲ್ಲಿದ್ದೆ ಅಂತ ಒಂದು ಸುಳ್ಳು ಹೇಳಿದೆ. ಆ ಸುಳ್ಳು ನಿನ್ನ ಕಕ್ಷಿದಾರನನ್ನೇ ಕಾಯ್ತಾ ಇತ್ತು ಮಾರಾಯ್ತಿ. ನೀನು ಒಡೆದು ಹಾಕಿದೆ.”

ಮನೆ ಬಿಟ್ಟು ಹೋಗಲೇ ಇಲ್ಲ ಎಂದು ಗುಣಪಾಲ ಪೊಲೀಸರಿಗೆ ಬರೆದುಕೊಟ್ಟಿದ್ದ. ಅವನ ವಿರುದ್ಧ ಇದ್ದದ್ದು ಮಾರ್ಕೆಟಿನ ಕೂಗಾಟ ಒಂದೇ. ಈಗ ಕ್ಯಾಮೆರಾವೂ ಸೇರಿತು. ಅದನ್ನು ಹುಡುಕಿ, ಪೊಲೀಸರನ್ನು ಕರೆತಂದು, ಸರಿಯಾಗಿ ಕೇಳಿಸಿಕೊಳ್ಳಿ ಎಂದು ಹೇಳಿ ಅವರ ಕೈಗಿತ್ತವಳು ಅವನ ವಕೀಲೆ. ಇಷ್ಟು ದೊಡ್ಡ ಮೂರ್ಖತನವನ್ನು ನಾನು ಬೇರೆ ಯಾರಾದರೂ ಮಾಡಿದ್ದು ನೋಡಿದ್ದರೆ ಕೋರ್ಟಿನ ವರಾಂಡದಲ್ಲಿ ತಿಂಗಳುಗಟ್ಟಲೆ ಆಡಿಕೊಳ್ಳುತ್ತಿದ್ದೆ.

“ನೀವು ಸೋಮವಾರ ಕೋರ್ಟಿನಲ್ಲಿ ಇದನ್ನೇ ಹೇಳಬೇಕಾಗ್ತದೆ,” ಎಂದರು ಚೆನ್ನಪ್ಪನವರು ರಾಮದಾಸರಿಗೆ. ನನ್ನ ಕಡೆ ತಿರುಗಿ, “ಸಾಕ್ಷಿ ತೋರಿಸಿದಿರಿ ಮೇಡಂ. ಉಪಕಾರ ಆಯ್ತು,” ಎಂದರು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

“ಅವರು ತಂದುಕೊಟ್ಟದ್ದು ಹೌದು.”

ವಾರಿಜಾ ಬಾಗಿಲಿಗೆ ಬಂದು ನಿಂತಿದ್ದಳು. ಒಂದು ಕೈ ಚೌಕಟ್ಟಿನ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ.

“ಆದರೆ ಬಂಡೆಯಿಂದ ತಂದದ್ದು ಅವರಲ್ಲ. ನಾನು.”

“ವಾರಿಜಾ, ಬಾಯಿ ಮುಚ್ಚು,” ಎಂದೆ. “ಒಂದು ಮಾತೂ ಆಡಬೇಡ.”

“ಆಡ್ತೇನೆ ಅಕ್ಕ. ಇಷ್ಟು ದಿನ ಆಡದೆ ಎಂತ ಆಯ್ತು ಅಂತ ನೋಡಿದೆನಲ್ಲ.”

“ಥೂ, ಎಂತ ಮಾತು ಹೇಳ್ತಿ!” ಶ್ರೀಮತಿಯಮ್ಮನ ಗೆರಸೆಯಿಂದ ಅಕ್ಕಿ ಚೆಲ್ಲಿತು. “ಬಸುರಿ ಹೆಂಗಸು ಗ್ರಹಣದಲ್ಲಿ ಹೊರಗೆ ಹೋಗ್ತಾಳಾ? ಗಂಡನನ್ನು ಬಿಡಿಸ್ಲಿಕ್ಕೆ ಸುಳ್ಳು ಹೇಳ್ತಾಳೆ.”

ಚೆನ್ನಪ್ಪನವರೂ ತಲೆ ಆಡಿಸಿದರು. ಅವರ ಮುಖದಲ್ಲಿ ಅದೇ ಅಪನಂಬಿಕೆ. ಆಗ ನನಗೆ ಹೊಳೆಯಿತು. ಆ ಮಧ್ಯಾಹ್ನ ಎಲ್ಲಿದ್ದೆ ಎಂದು ಪೊಲೀಸರು ಬೀಚಿನ ಪ್ರತಿ ಮನೆಯ ಗಂಡಸರನ್ನೂ ಕೇಳಿದ್ದರು. ಇವಳನ್ನು ಒಬ್ಬರೂ ಕೇಳಿರಲಿಲ್ಲ. ಗ್ರಹಣ, ದೋಷ ಯಾವುದನ್ನೂ ನಂಬದ ನಾನೂ ಕೇಳಿರಲಿಲ್ಲ. ಗಂಡ ಮನೆಯಲ್ಲೇ ಇದ್ದನಾ ಎಂದು ಮಾತ್ರ ಕೇಳಿದ್ದೆ. ಇದ್ದರು ಎಂದು ಆಣೆ ಹಾಕಿದ್ದಳು. ಅವನು ನಿಜಕ್ಕೂ ಇದ್ದಿರಬೇಕು.

“ಅತ್ತೆ ಕಿಟಕಿಗೆಲ್ಲ ಬಟ್ಟೆ ತುರುಕಿ ನನ್ನನ್ನು ಒಳಕೋಣೆಯಲ್ಲಿ ಮಲಗಿಸಿದ್ದರು,” ಎಂದಳು ವಾರಿಜಾ. “ಎಲ್ಲರೂ ಚಾವಡಿಯಲ್ಲಿ ಕೂತು ಭಜನೆ ಹೇಳ್ತಿದ್ದರು. ಗ್ರಹಣ ಹೇಗಿರ್ತದೆ ಅಂತ ನೋಡಲಿಕ್ಕೆ ನಾನು ಹಿಂದಿನ ಬಾಗಿಲಿನಿಂದ ಹೋದೆ.”

“ಹೋದದ್ದಕ್ಕೆ ಎಂತ ಸಾಕ್ಷಿ?” ಎಂದರು ಚೆನ್ನಪ್ಪನವರು.

ಅವಳು ಸ್ವಲ್ಪ ಯೋಚಿಸಿದಳು. “ಸಾಕ್ಷಿ ಇಲ್ಲ. ಬೆಳಕು ಒಂಥರಾ ಆಗಿತ್ತು, ದೀಪದ ಬತ್ತಿ ಇಳಿಸಿದ ಹಾಗೆ. ತೆಂಗಿನ ಮರದ ಕೆಳಗೆ ಹೋಗುವಾಗ ಹೆದರಿಕೆ ಆಯ್ತು. ಮರಳಿನ ಮೇಲೆಲ್ಲ ಬೆಳಕಿನ ಸಣ್ಣ ಸಣ್ಣ ಉಗುರು ಬಿದ್ದಿದ್ದವು. ಎಲ್ಲ ಒಂದೇ ಕಡೆಗೆ ಬಗ್ಗಿದ್ದವು. ನನ್ನ ಸೀರೆಯ ಮೇಲೂ ಇದ್ದವು, ಕೊಡವಿದರೆ ಹೋಗಲಿಲ್ಲ. ಹೊಟ್ಟೆಯ ಮೇಲೂ.”

ಚೆನ್ನಪ್ಪನವರಿಗೆ ಅರ್ಥವಾಗಲಿಲ್ಲ. ಅವರು ರಾಮದಾಸರ ಮುಖ ನೋಡಿದರು. ರಾಮದಾಸರು ಎದ್ದು ನಿಂತಿದ್ದರು.

“ಗರಿಗಳ ಸಂದಿನಿಂದ ಬೀಳುವ ಬೆಳಕು ಗ್ರಹಣದಲ್ಲಿ ಸೂರ್ಯನ ಆಕಾರಕ್ಕೇ ಬೀಳ್ತದೆ,” ಎಂದರು. “ನಾನು ಪುಸ್ತಕದಲ್ಲಿ ಓದಿದ್ದು. ಒಳಗೆ ಕೂತವರಿಗೆ ಇದು ಗೊತ್ತಾಗಲಿಕ್ಕೆ ಸಾಧ್ಯ ಇಲ್ಲ. ಇವಳು ಹೊರಗೆ ಇದ್ದಳು ಇನ್ಸ್‌ಪೆಕ್ಟರೇ. ಇವಳು ನೋಡಿದ್ದಾಳೆ.”

ಆ ಕೊನೆಯ ಮಾತಿನಲ್ಲಿ ಇದ್ದದ್ದು ಹೊಟ್ಟೆಕಿಚ್ಚೋ ಗೌರವವೋ ನನಗೆ ಈಗಲೂ ಹೇಳಲು ಬರುವುದಿಲ್ಲ.

“ನಿನ್ನ ಗಂಡ ಇದನ್ನು ಯಾಕೆ ಹೇಳಲಿಲ್ಲ?” ಎಂದು ನಾನೇ ಕೇಳಿದೆ.

“ನಾಳೆ ಮಗುವಿಗೆ ಒಂದು ಬೆರಳು ಹೆಚ್ಚುಕಮ್ಮಿಯಾದರೂ ಊರು ನನ್ನ ಮೇಲೆ ಹಾಕ್ತದೆ ಅಂತ. ಅತ್ತೆ ಮನೆಯೊಳಗೆ ಸೇರಿಸುವುದಿಲ್ಲ ಅಂತ. ನೀನು ಹೋಗಲೇ ಇಲ್ಲ, ತಿಳಿಯಿತಾ ಅಂತ ನನ್ನ ಕೈ ಹಿಡಿದು ಹೇಳಿದರು. ಗಾಬರಿಯಲ್ಲಿ ನಾನು ಎತ್ತಿಕೊಂಡು ಬಂದ ಕ್ಯಾಮೆರಾ ಮನೆಯಲ್ಲಿ ಇಡಬಾರದು ಅಂತ ಅವರೇ ಸೈಕಲ್ ಹತ್ತಿದರು. ನನ್ನ ಮರ್ಯಾದೆಗೆ ಅವರು ಜೈಲಿನಲ್ಲಿ ಕೂರುವುದು ನನಗೆ ಬೇಡ ಅಕ್ಕ.” ಅಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಅಲ್ಲಿ ಒಡೆಯಿತು. ಅವಳ ಕಣ್ಣು ತುಂಬಿತು.

ಚೆನ್ನಪ್ಪನವರು ಸ್ಟೂಲು ಎಳೆದು ಅವಳ ಮುಂದೆ ಇಟ್ಟರು. “ಕೂತುಕೋ ತಂಗಿ. ನೀನು ಬಂಡೆಗೆ ಹೋದಾಗ ಜೋಕಿಮ್ ಎಲ್ಲಿದ್ದರು?”

“ಬಂಡೆಯ ಮೇಲೆ. ನಿಂತಿದ್ದರು.”

“ಒಬ್ಬರೇಯಾ?”

ವಾರಿಜಾ ಕೂರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ನೇರವಾಗಿ ಅವರನ್ನೇ ನೋಡಿದಳು.

“ಅಲ್ಲ. ಇನ್ನೊಬ್ಬರು ಇದ್ದರು. ಗ್ರಹಣ ಬಿಟ್ಟ ಮೇಲೆ ತಳ್ಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ,” ಎಂದಳು. “ಮೊದಲು ನನ್ನ ಗಂಡನನ್ನು ಬಿಟ್ಟು ಮನೆಗೆ ಕಳಿಸಿ. ಹೆಸರು ಆಮೇಲೆ ಹೇಳ್ತೇನೆ.”